ಗ್ರಾಮೀಣ ಮನೆಗಳ ಸೆಪ್ಟಿಕ್ ಟ್ಯಾಂಕ್: ನಿರ್ವಹಣೆ, ತೆರವು ಮತ್ತು ಕೃಷಿಯಲ್ಲಿ ಮಲತ್ಯಾಜ್ಯ ಬಳಕೆಯ ಎಚ್ಚರಿಕೆಗಳು

ಪೀಠಿಕೆ

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಮಿಷನ್ ಆರಂಭವಾದ ನಂತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಗೊಂದು ಶೌಚಾಲಯ ನಿರ್ಮಾಣವಾಗಿದೆ. ಆ ದಿನಗಳಲ್ಲಿ ಕಟ್ಟಿದ ಗುಂಡಿಗಳು ಮತ್ತು ಟ್ಯಾಂಕುಗಳು ಈಗ ಒಂದೊಂದಾಗಿ ತುಂಬುತ್ತಿವೆ. ಹಳ್ಳಿಯಲ್ಲಿ ಒಳಚರಂಡಿ ಇರುವುದಿಲ್ಲ. ಆದ್ದರಿಂದ ತುಂಬಿದ ಟ್ಯಾಂಕಿನ ಮಲತ್ಯಾಜ್ಯವು ಅಂತಿಮವಾಗಿ ಸೇರುವುದು ಹೊಲ, ಹಳ್ಳ ಅಥವಾ ಕೆರೆಯನ್ನು. ಟ್ಯಾಂಕಿನಿಂದ ಹೊರಬರುವ ನೀರು ಇಂಗುವುದು ನಾವು ಕುಡಿಯುವ ಬಾವಿಯ ಸುತ್ತಲಿನ ನೆಲದಲ್ಲಿ. ಹೀಗಾಗಿ ಸೆಪ್ಟಿಕ್ ಟ್ಯಾಂಕಿನ ನಿರ್ವಹಣೆಯು ಮನೆಯ ನೈರ್ಮಲ್ಯಕ್ಕೆ ಮಾತ್ರ ಸೀಮಿತವಾದ ವಿಷಯವಲ್ಲ. ಮಣ್ಣು, ಅಂತರ್ಜಲ ಮತ್ತು ಬೆಳೆಯ ಸುರಕ್ಷತೆಯೂ ಅದರಲ್ಲಿ ಅಡಗಿದೆ.

ರೈತ ಬಾಂಧವರು ಮೂರು ಅಂಶಗಳನ್ನು ಸದಾ ಗಮನದಲ್ಲಿಡಬೇಕು. ಟ್ಯಾಂಕನ್ನು ಸಕಾಲದಲ್ಲಿ ಯಂತ್ರದಿಂದ ತೆರವುಗೊಳಿಸಬೇಕು. ಯಾವುದೇ ಕಾರಣಕ್ಕೂ ಮನುಷ್ಯರನ್ನು ಅದರೊಳಗೆ ಇಳಿಸಬಾರದು. ತೆಗೆದ ಹಸಿ ಮಲತ್ಯಾಜ್ಯವನ್ನು ಸಂಸ್ಕರಿಸದೆ ಬೆಳೆಗೆ ಹಾಕಬಾರದು. ಇವುಗಳ ಹಿಂದಿನ ಕಾರಣ ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ಮುಂದೆ ವಿವರಿಸಲಾಗಿದೆ.

ನಿಮ್ಮ ಮನೆಯಲ್ಲಿರುವುದು ಯಾವ ಬಗೆಯ ವ್ಯವಸ್ಥೆ?

ಹಳ್ಳಿಗಳಲ್ಲಿ ಎಲ್ಲ ಬಗೆಯ ಗುಂಡಿಗಳನ್ನೂ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆಯುವ ರೂಢಿಯಿದೆ. ಆದರೆ ಪ್ರತಿಯೊಂದರ ನಿರ್ವಹಣಾ ಕ್ರಮವೂ ಬೇರೆಯಾಗಿರುವುದರಿಂದ ಮೊದಲು ಅವುಗಳನ್ನು ಗುರುತಿಸಿಕೊಳ್ಳುವುದು ಅವಶ್ಯಕ.

1. ಸೆಪ್ಟಿಕ್ ಟ್ಯಾಂಕ್: ತಳ ಮತ್ತು ಗೋಡೆಗಳಿಂದ ನೀರು ಸೋರದಂತೆ ಗಾರೆ ಮಾಡಿದ ತೊಟ್ಟಿ. ಸಾಮಾನ್ಯವಾಗಿ ಎರಡು ಕೋಣೆಗಳಿರುತ್ತವೆ. ಹೊರಬರುವ ನೀರು ಪ್ರತ್ಯೇಕ ಇಂಗುಗುಂಡಿಗೆ ಹೋಗುತ್ತದೆ.

2. ಒಂಟಿ ಗುಂಡಿ: ಸಿಮೆಂಟ್ ರಿಂಗುಗಳನ್ನು ಇಳಿಸಿ, ತಳವನ್ನು ಹಾಗೆಯೇ ಬಿಟ್ಟಿರುವ ಗುಂಡಿ. ನೀರು ನೇರವಾಗಿ ಮಣ್ಣಿಗೆ ಇಂಗುತ್ತದೆ. ಗುಂಡಿ ಆಳವಾದಷ್ಟೂ ಅಂತರ್ಜಲಕ್ಕೆ ಅಪಾಯ ಹೆಚ್ಚು.

3. ಅವಳಿ ಗುಂಡಿ: ಎರಡು ಆಳವಿಲ್ಲದ ಗುಂಡಿಗಳು ಮತ್ತು ಅವುಗಳ ಮಧ್ಯೆ ಹರಿವನ್ನು ಬದಲಿಸುವ ಸಣ್ಣ ಚೇಂಬರ್ ಇರುತ್ತವೆ. ಒಮ್ಮೆಗೆ ಒಂದೇ ಗುಂಡಿ ಬಳಕೆಯಲ್ಲಿರಬೇಕು.

ಅವಳಿ ಗುಂಡಿಯಲ್ಲಿ ಮೊದಲನೆಯದು ತುಂಬಿದಾಗ ಚೇಂಬರಿನಲ್ಲಿ ಅದರ ಬಾಯಿಯನ್ನು ಮುಚ್ಚಿ, ಹರಿವನ್ನು ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು 2 ವರ್ಷ ಹಾಗೆಯೇ ಬಿಟ್ಟರೆ ಅದರಲ್ಲಿರುವುದು ಕಳಿತು, ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರವಾಗುತ್ತದೆ. ಇದನ್ನು ಜನರಿಗೆ ಮನಗಾಣಿಸಲು 2017ರ ಫೆಬ್ರುವರಿಯಲ್ಲಿ ಅಂದಿನ ಕೇಂದ್ರ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು ತೆಲಂಗಾಣದ ವರಂಗಲ್ ಸಮೀಪದ ಗಂಗದೇವಿಪಲ್ಲಿಯಲ್ಲಿ ಇಂತಹ ಗುಂಡಿಗೆ ಸ್ವತಃ ಇಳಿದು ಗೊಬ್ಬರ ತೆಗೆದಿದ್ದರು. ಈ ಉದಾಹರಣೆಯು ಪೂರ್ಣವಾಗಿ ಒಣಗಿ ಕಳಿತ ಅವಳಿ ಗುಂಡಿಗೆ ಮಾತ್ರ ಅನ್ವಯಿಸುತ್ತದೆ. ಸೆಪ್ಟಿಕ್ ಟ್ಯಾಂಕಿಗಾಗಲಿ ಒಂಟಿ ಗುಂಡಿಗಾಗಲಿ ಇದನ್ನು ಎಂದಿಗೂ ಅನ್ವಯಿಸಬಾರದು. ಎರಡೂ ಗುಂಡಿಗಳಿಗೆ ಏಕಕಾಲಕ್ಕೆ ಹರಿವು ಬಿಟ್ಟಿರುವ ಮನೆಗಳಲ್ಲಿ ಅವಳಿ ಗುಂಡಿಯ ಪ್ರಯೋಜನವೇ ಇರುವುದಿಲ್ಲ. ಅಂಥವರು ಚೇಂಬರನ್ನು ತೆರೆಸಿ ಸರಿಪಡಿಸಿಕೊಳ್ಳಬೇಕು.

ಟ್ಯಾಂಕಿನೊಳಗೆ ನಡೆಯುವುದೇನು?

ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವು ಪೂರ್ಣವಾಗಿ ಕರಗಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಟ್ಯಾಂಕು ಮುಖ್ಯವಾಗಿ ಬೇರ್ಪಡಿಸುವ ಕೆಲಸ ಮಾಡುತ್ತದೆ. ಭಾರವಾದದ್ದು ತಳದಲ್ಲಿ ಗಸಿಯಾಗಿ ಕೂರುತ್ತದೆ. ಎಣ್ಣೆ ಮತ್ತು ಜಿಡ್ಡು ಮೇಲೆ ಕೆನೆಯಂತೆ ತೇಲುತ್ತವೆ. ಮಧ್ಯದ ನೀರು ಹೊರಹರಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಗಸಿಯ ಒಂದು ಭಾಗವನ್ನು ಮಾತ್ರ ಕೊಳೆಯಿಸುತ್ತವೆ. ಉಳಿದದ್ದು ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ.

ಗಸಿ ಹೆಚ್ಚಿದಂತೆ ನೀರು ನಿಲ್ಲುವ ಸ್ಥಳ ಕಡಿಮೆಯಾಗಿ, ಮಲದ ಕಣಗಳು ಕೂರುವ ಮೊದಲೇ ಇಂಗುಗುಂಡಿಗೆ ಹೋಗುತ್ತವೆ. ಅಲ್ಲಿ ಮಣ್ಣಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಒಮ್ಮೆ ಕಟ್ಟಿಕೊಂಡ ಇಂಗುಗುಂಡಿಯು ಟ್ಯಾಂಕನ್ನು ಖಾಲಿ ಮಾಡಿಸಿದ ಮಾತ್ರಕ್ಕೆ ಸರಿಹೋಗದು. ಬಹುತೇಕ ಹೊಸದನ್ನೇ ತೋಡಿಸಬೇಕಾಗುತ್ತದೆ. ತಡಮಾಡಿದರೆ ಆಗುವ ದೊಡ್ಡ ನಷ್ಟ ಇದೇ.

ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ಮುಕ್ತವಲ್ಲ. ಅದನ್ನು ರಸ್ತೆ ಬದಿಯ ಚರಂಡಿಗೆ ಬಿಡುವುದರಿಂದ ಊರಿನ ಕೆರೆ, ಹಳ್ಳಗಳು ಮಲಿನಗೊಳ್ಳುತ್ತವೆ.

ಅಳತೆ ಮತ್ತು ಸ್ಥಳ

ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆಯ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ಸಾಮರ್ಥ್ಯ ಕನಿಷ್ಠ 1000 ಲೀಟರ್, ಅಗಲ ಕನಿಷ್ಠ 75 ಸೆಂ.ಮೀ. ಮತ್ತು ನೀರಿನ ಆಳ ಕನಿಷ್ಠ 1 ಮೀಟರ್ ಇರಬೇಕು. ಉದ್ದವು ಅಗಲದ 2ರಿಂದ 4 ಪಟ್ಟು ಇರಬೇಕು. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ಹಾಗೂ ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರತಕ್ಕದ್ದು. ನೆಲದ ಇಳಿಜಾರಿನಲ್ಲಿ ಬಾವಿ ಮೇಲೆ, ಇಂಗುಗುಂಡಿ ಕೆಳಗೆ ಇರುವಂತೆ ನೋಡಿಕೊಳ್ಳಬೇಕು.

ಮಣ್ಣಿನ ಗುಣಕ್ಕೆ ತಕ್ಕಂತೆ ಹೆಚ್ಚುವರಿ ಎಚ್ಚರಿಕೆ ಅಗತ್ಯ:

- ಎರೆ ಭೂಮಿ (ವಿಜಯಪುರ, ಕಲಬುರಗಿ, ಗದಗ ಮುಂತಾದೆಡೆ): ಈ ಮಣ್ಣು ನೆನೆದಾಗ ಉಬ್ಬಿ ನೀರು ಇಂಗುವುದು ಬಹುತೇಕ ನಿಲ್ಲುತ್ತದೆ. ಮಳೆಗಾಲದಲ್ಲಿ ಶೌಚಾಲಯ ಕಟ್ಟಿಕೊಳ್ಳಲು ಇದೇ ಕಾರಣ. ಒಂದು ಆಳದ ಗುಂಡಿಗಿಂತ, ಜಲ್ಲಿ ತುಂಬಿದ ಉದ್ದನೆಯ, ಆಳವಿಲ್ಲದ ಇಂಗುಕಾಲುವೆ ಉತ್ತಮ.

- ಕೆಂಪು ಮಣ್ಣು (ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಮುಂತಾದೆಡೆ): ನೀರು ಚೆನ್ನಾಗಿ ಇಂಗುತ್ತದೆ. ಆದರೆ ಮಣ್ಣಿನ ಪದರ ತೆಳುವಾಗಿರುವ ಕಡೆ ಕೊಳಚೆ ನೀರು ಶೋಧನೆಗೊಳ್ಳದೆ ಬಂಡೆಯ ಬಿರುಕುಗಳ ಮೂಲಕ ಕೊಳವೆ ಬಾವಿಯನ್ನು ಸೇರಬಲ್ಲದು. ಇಲ್ಲಿ 18 ಮೀಟರ್ ಎಂಬುದನ್ನು ಕನಿಷ್ಠ ಮಿತಿಯೆಂದು ತಿಳಿದು, ಸಾಧ್ಯವಾದಷ್ಟು ಹೆಚ್ಚು ಅಂತರ ಬಿಡಬೇಕು.

- ಕರಾವಳಿ ಮತ್ತು ಮಲೆನಾಡು: ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಹರಿಯುತ್ತದೆ, ಮಳೆಗಾಲದಲ್ಲಿ ಅಂತರ್ಜಲ ನೆಲಮಟ್ಟದ ಹತ್ತಿರಕ್ಕೆ ಏರುತ್ತದೆ. ಪ್ರತಿ ಮನೆಯಂಗಳದಲ್ಲೂ ತೆರೆದ ಬಾವಿ ಇರುವುದರಿಂದ ಪಕ್ಕದ ಮನೆಯ ಬಾವಿಯ ಅಂತರವನ್ನೂ ಅಳೆದು ನೋಡಬೇಕು.

ಬತ್ತಿದ ಕೊಳವೆ ಬಾವಿಗೆ ಶೌಚಾಲಯದ ನೀರನ್ನು ಬಿಡುವ ಪದ್ಧತಿ ಕೆಲವೆಡೆ ಕಂಡುಬರುತ್ತಿದೆ. ಇದು ಇಡೀ ಊರಿನ ಕುಡಿಯುವ ನೀರಿಗೆ ನೇರವಾಗಿ ಮಲವನ್ನು ಬೆರೆಸಿದಂತೆ. ಯಾವ ಸಂದರ್ಭದಲ್ಲೂ ಹೀಗೆ ಮಾಡಬಾರದು.

ಬಾವಿ ನೀರಿನ ಪರೀಕ್ಷೆ

ಮನುಷ್ಯನ ವಿಸರ್ಜನೆಯಲ್ಲಿರುವ ಸಾರಜನಕದ ಬಹುಭಾಗ ಇರುವುದು ಮೂತ್ರದಲ್ಲಿ. ಅದು ಗಸಿಯಲ್ಲಿ ಉಳಿಯದೆ ನೀರಿನೊಂದಿಗೆ ಇಂಗಿ, ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಟ್ಟು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿ.ಗ್ರಾಂ. ಮೀರಬಾರದೆಂದು ಐಎಸ್ 10500 ಮಾನಕವು ನಿಗದಿಪಡಿಸಿದೆ. ಇದೇ ಮಾನಕದಂತೆ 100 ಮಿ.ಲೀ. ನೀರಿನ ಯಾವುದೇ ಮಾದರಿಯಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಕಂಡುಬರಬಾರದು.

ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆದರೆ ನೈಟ್ರೇಟ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಇಂತಹ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಎಳೆಯ ಶಿಶುಗಳಲ್ಲಿ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ, ಮೈ ನೀಲಿಗಟ್ಟುವ ಅಪಾಯವಿದೆ. ಹೊಲಕ್ಕೆ ಹಾಕುವ ಯೂರಿಯಾ ಮತ್ತು ತಿಪ್ಪೆಗುಂಡಿಯೂ ನೈಟ್ರೇಟಿನ ಮೂಲಗಳೇ ಆಗಿರುವುದರಿಂದ, ಫಲಿತಾಂಶ ಹೆಚ್ಚು ಬಂದಾಗ ಎಲ್ಲ ಮೂಲಗಳನ್ನೂ ಪರಿಶೀಲಿಸಬೇಕು. ವರ್ಷಕ್ಕೆ ಎರಡು ಬಾರಿ, ಅಂದರೆ ಮುಂಗಾರಿಗೆ ಮುನ್ನ ಮತ್ತು ಮಳೆಗಾಲ ಮುಗಿದ ಮೇಲೆ, ಗ್ರಾಮ ಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸುವುದು ಒಳಿತು.

ದೈನಂದಿನ ಬಳಕೆಯಲ್ಲಿ ಪಾಲಿಸಬೇಕಾದ ಕ್ರಮಗಳು

- ಬಟ್ಟೆ ಚೂರು, ಸ್ಯಾನಿಟರಿ ಪ್ಯಾಡ್, ಡೈಪರ್, ಪ್ಲಾಸ್ಟಿಕ್, ಕೂದಲು, ಬೂದಿ ಇತ್ಯಾದಿಗಳನ್ನು ಶೌಚಾಲಯಕ್ಕೆ ಹಾಕಬಾರದು. ಇವು ಕೊಳೆಯುವುದಿಲ್ಲ, ತೆರವುಗೊಳಿಸುವಾಗ ಪೈಪಿಗೂ ಸಿಕ್ಕಿಕೊಳ್ಳುತ್ತವೆ.

- ಉಳಿದ ಕೀಟನಾಶಕ, ಸಿಂಪರಣಾ ಕ್ಯಾನ್ ತೊಳೆದ ನೀರು ಮತ್ತು ಆಸಿಡ್ ಸುರಿಯಬಾರದು. ಇವು ಟ್ಯಾಂಕಿನ ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ; ಕೀಟನಾಶಕವು ಅಂತರ್ಜಲವನ್ನೂ ಸೇರಬಹುದು.

- ಕೊಟ್ಟಿಗೆ ತೊಳೆದ ನೀರನ್ನು ಟ್ಯಾಂಕಿಗೆ ಬಿಡಬಾರದು. ಅದನ್ನು ತಿಪ್ಪೆಗೆ ಅಥವಾ ಗೋಬರ್ ಗ್ಯಾಸ್ ಘಟಕಕ್ಕೆ ತಿರುಗಿಸಬೇಕು.

- ಬಚ್ಚಲು ಮತ್ತು ಪಾತ್ರೆ ತೊಳೆದ ನೀರನ್ನು ಪ್ರತ್ಯೇಕವಾಗಿ ಬಾಳೆ, ತೆಂಗು ಇಲ್ಲವೆ ಕೈತೋಟಕ್ಕೆ ಹರಿಸುವುದು ಸೂಕ್ತ. ಸಾಬೂನಿನ ಸೋಡಿಯಂ ಒಂದೇ ಕಡೆ ಸೇರಿ ಮಣ್ಣು ಕ್ಷಾರವಾಗದಂತೆ ಆಗಾಗ ಜಾಗ ಬದಲಿಸಬೇಕು.

- ಸಗಣಿ, ಯೀಸ್ಟ್, ಬೆಲ್ಲ ಅಥವಾ ಮಾರುಕಟ್ಟೆಯ ‘ಬ್ಯಾಕ್ಟೀರಿಯಾ ಪುಡಿ’ ಹಾಕುವ ಅಗತ್ಯವಿಲ್ಲ. ಬೇಕಾದ ಸೂಕ್ಷ್ಮಾಣುಗಳು ಮಲದಲ್ಲಿಯೇ ಇರುತ್ತವೆ. ಯಾವ ಪುಡಿಯೂ ಟ್ಯಾಂಕ್ ತೆರವುಗೊಳಿಸುವ ಅಗತ್ಯವನ್ನು ತಪ್ಪಿಸದು.

- ಗಾಳಿ ಕೊಳವೆಯ ತುದಿಗೆ ಸೊಳ್ಳೆ ಪರದೆ ಕಟ್ಟಬೇಕು. ಮುಚ್ಚಳದ ಸಂದುಗಳನ್ನು ಗಾರೆಯಿಂದ ಮುಚ್ಚಬೇಕು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕೊಳಕು ನೀರಿನಲ್ಲಿಯೇ ಬೆಳೆಯುತ್ತದೆ.

- ಟ್ಯಾಂಕಿನ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುವುದು, ಗೊಬ್ಬರದ ಮೂಟೆ ಪೇರಿಸುವುದು, ದನ ಕಟ್ಟುವುದು ಸಲ್ಲದು. ಬಿರುಕು ಬಿಟ್ಟ ಚಪ್ಪಡಿಯನ್ನು ತಕ್ಷಣ ಬದಲಿಸಬೇಕು.

ಯಾವಾಗ ತೆರವುಗೊಳಿಸಬೇಕು?

ಸಾಮಾನ್ಯವಾಗಿ 2ರಿಂದ 3 ವರ್ಷಗಳಿಗೊಮ್ಮೆ ತೆರವುಗೊಳಿಸಬೇಕು. ನಿಖರವಾಗಿ ತಿಳಿಯಲು ಗಸಿಯನ್ನು ಅಳೆಯಬಹುದು. ಉದ್ದನೆಯ ಕೋಲಿನ ಕೆಳಭಾಗಕ್ಕೆ ಬಿಳಿ ಬಟ್ಟೆ ಸುತ್ತಿ, ತಪಾಸಣಾ ರಂಧ್ರದ ಮೂಲಕ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಬೇಕು. ಕೆಲವು ನಿಮಿಷಗಳ ನಂತರ ಮೇಲೆತ್ತಿದರೆ ಗಸಿಯ ಎತ್ತರದಷ್ಟು ಭಾಗ ಕಪ್ಪಾಗಿರುತ್ತದೆ. ಗಸಿ ಮತ್ತು ತೇಲುವ ಕೆನೆ ಎರಡೂ ಸೇರಿ ನೀರಿನ ಆಳದ ಮೂರನೆಯ ಒಂದು ಭಾಗ ತಲುಪಿದ್ದರೆ ತೆರವಿಗೆ ಕಾಲ ಬಂದಿದೆಯೆಂದು ತಿಳಿಯಬೇಕು. ಉದಾಹರಣೆಗೆ, ನೀರಿನ ಆಳ 105 ಸೆಂ.ಮೀ. ಇದ್ದರೆ 35 ಸೆಂ.ಮೀ. ಮಿತಿ.

ಅಳೆಯುವಾಗ ರಂಧ್ರದ ಮೇಲೆ ಬಾಗಬಾರದು, ಬೀಡಿ, ದೀಪ, ಬೆಂಕಿಕಡ್ಡಿ ಹತ್ತಿರ ತರಬಾರದು, ಜೊತೆಗೆ ಮತ್ತೊಬ್ಬರಿರಬೇಕು, ಮಕ್ಕಳನ್ನು ದೂರವಿಡಬೇಕು. ಕೆಲಸ ಮುಗಿದೊಡನೆ ಮುಚ್ಚಳ ಹಾಕಿ, ಬಟ್ಟೆಯನ್ನು ಹೂತು, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಶೌಚಾಲಯದ ನೀರು ನಿಧಾನವಾಗಿ ಇಳಿಯುವುದು, ಗುಳುಗುಳು ಸದ್ದು, ಇಂಗುಗುಂಡಿಯ ಸುತ್ತ ನೆಲ ಸದಾ ಒದ್ದೆಯಾಗಿರುವುದು, ಅಲ್ಲಿ ಮಾತ್ರ ಹುಲ್ಲು ಹುಲುಸಾಗಿ ಬೆಳೆಯುವುದು ಮತ್ತು ದುರ್ವಾಸನೆ ಇವು ವಿಳಂಬವಾಗಿರುವುದರ ಲಕ್ಷಣಗಳು.

ಮಲೆನಾಡು ಮತ್ತು ಕರಾವಳಿಯಲ್ಲಿ ಅಂತರ್ಜಲ ಕೆಳಗಿರುವ ಜನವರಿಯಿಂದ ಮೇ ತಿಂಗಳವರೆಗೆ ತೆರವುಗೊಳಿಸುವುದು ಉತ್ತಮ. ನೆಲ ನೆನೆದಿರುವಾಗ ಪೂರ್ತಿ ಖಾಲಿ ಮಾಡಿದರೆ, ಸುತ್ತಲಿನ ನೀರಿನ ಒತ್ತಡದಿಂದ ಪ್ಲಾಸ್ಟಿಕ್ ಟ್ಯಾಂಕ್ ಮೇಲಕ್ಕೇಳಬಹುದು, ಇಟ್ಟಿಗೆ ಗೋಡೆ ಬಿರುಕು ಬಿಡಬಹುದು. ತೆರವಿನ ನಂತರ ಟ್ಯಾಂಕಿಗೆ ಮತ್ತೆ ನೀರು ತುಂಬಿಸಬೇಕು.

ಯಾರೂ ಒಳಗೆ ಇಳಿಯಬಾರದು

ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳು ಸೇರಿಕೊಂಡಿರುತ್ತವೆ. ಆಮ್ಲಜನಕ ತೀರ ಕಡಿಮೆ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಕಡಿಮೆ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಸುಮಾರು 100 ಪಿಪಿಎಂ ತಲುಪಿದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ‘ವಾಸನೆ ಹೋಯಿತು, ಇನ್ನು ಇಳಿಯಬಹುದು’ ಎಂದು ಭಾವಿಸುವುದು ಮಾರಣಾಂತಿಕ. ಇನ್ನೂ ಹೆಚ್ಚಿದಾಗ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಗಸಿಯನ್ನು ಕಲಕಿದಾಗ ಅದರಲ್ಲಿ ಹುದುಗಿದ್ದ ಅನಿಲ ಒಮ್ಮೆಲೇ ಹೊರಬರುವುದರಿಂದ, ಮುಚ್ಚಳ ತೆರೆದಿಟ್ಟು ಕಾದರೂ ಅಪಾಯ ತಪ್ಪದು.

ಬಾವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವ ಹಳೆಯ ರೂಢಿಯನ್ನು ಇಲ್ಲಿ ಅನುಸರಿಸಕೂಡದು. ದೀಪವು ವಿಷಾನಿಲವನ್ನು ತೋರಿಸುವುದಿಲ್ಲ. ಮೇಲಾಗಿ ಮೀಥೇನ್ ಹೊತ್ತಿಕೊಂಡು ಸ್ಫೋಟವಾಗಬಹುದು.

ಒಬ್ಬರು ಕುಸಿದುಬಿದ್ದಾಗ ಅವರನ್ನು ಎತ್ತಲು ಇಳಿದ ಎರಡನೆಯವರು, ಮೂರನೆಯವರು ಸಹ ಪ್ರಾಣ ಕಳೆದುಕೊಳ್ಳುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹಾಗಾದಾಗ ಯಾರೂ ಇಳಿಯದೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಎಲ್ಲ ಮುಚ್ಚಳಗಳನ್ನು ತೆರೆದು, ಅಂಚಿನಿಂದ ದೂರ ನಿಲ್ಲಬೇಕು.

ಕಾನೂನು ಸಹ ಸ್ಪಷ್ಟವಾಗಿದೆ. ಮಲ ಹೊರುವ ಉದ್ಯೋಗ ನಿಷೇಧ ಮತ್ತು ಪುನರ್ವಸತಿ ಕುರಿತ 2013ರ ಕೇಂದ್ರ ಅಧಿನಿಯಮವು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ನೇರವಾಗಿ ಅಥವಾ ಪರೋಕ್ಷವಾಗಿ ನೇಮಿಸಿಕೊಳ್ಳಬಾರದೆಂದು ವಿಧಿಸಿದೆ. ಮೊದಲ ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ನಿಷೇಧ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಕೊಳವೆ ಚರಂಡಿ ಶುಚಿಗೊಳಿಸುವಾಗ ಮೃತಪಟ್ಟವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಆದರೆ ಹೋದ ಜೀವಕ್ಕೆ ಪರಿಹಾರ ಸಾಟಿಯಲ್ಲ. ಯಂತ್ರದ ಬಾಡಿಗೆ ಉಳಿಸಲು ಕೂಲಿಯಾಳನ್ನು ಇಳಿಸುವುದು ಅಪರಾಧವೂ ಹೌದು, ಅಮಾನವೀಯವೂ ಹೌದು.

ಸಕ್ಕಿಂಗ್ ಯಂತ್ರವನ್ನು ಕರೆಸುವಾಗ

1. ವಾಹನ ನಿಲ್ಲಲು ಮತ್ತು ಪೈಪ್ ತಲುಪಲು ದಾರಿ ಇರಬೇಕು. ಹೊಸ ಟ್ಯಾಂಕ್ ಕಟ್ಟುವಾಗಲೇ ಇದನ್ನು ಯೋಚಿಸಬೇಕು.
2. ಕೆಲಸಗಾರರು ಕೈಗವಸು, ಬೂಟು ಧರಿಸಿರಬೇಕು. ಗಟ್ಟಿಯಾದ ಗಸಿಯನ್ನು ಹೊರಗಿನಿಂದಲೇ ನೀರು ಹಾಯಿಸಿ ಸಡಿಲಗೊಳಿಸಬೇಕು.
3. ಮಲತ್ಯಾಜ್ಯವನ್ನು ಎಲ್ಲಿ ಸುರಿಯಲಾಗುವುದು ಎಂದು ಮೊದಲೇ ಕೇಳಬೇಕು. ಹಳ್ಳ, ಕೆರೆ, ಅರಣ್ಯದಂಚು ಅಥವಾ ಬೇರೆಯವರ ಹೊಲಕ್ಕೆ ಸುರಿಯುವವರಿಗೆ ಕೆಲಸ ಕೊಡಬಾರದು.
4. ಚೆಲ್ಲಿದ ಸ್ಥಳಕ್ಕೆ ಸುಣ್ಣ ಹಾಕಿಸಿ, ದಿನಾಂಕ ನಮೂದಿಸಿದ ರಸೀದಿ ಪಡೆದು ಇಟ್ಟುಕೊಳ್ಳಬೇಕು.

ಹೊಲ-ತೋಟಗಳಲ್ಲಿ ಬಳಕೆ

ಬೆಂಗಳೂರಿನ ಸುತ್ತಲಿನ ಗ್ರಾಮಗಳೂ ಸೇರಿದಂತೆ ಹಲವೆಡೆ ರೈತರು ಸಕ್ಕಿಂಗ್ ವಾಹನದ ಹಸಿ ಮಲತ್ಯಾಜ್ಯವನ್ನು ತಮ್ಮ ಜಮೀನಿನಲ್ಲಿ ತೋಡಿದ ಗುಂಡಿಗೆ ಸುರಿಸಿಕೊಳ್ಳುವುದುಂಟು. ಗೊಬ್ಬರದ ಬೆಲೆ ಏರಿರುವಾಗ ಈ ಆಸೆ ಸಹಜ. ಮಲತ್ಯಾಜ್ಯದಲ್ಲಿ ಸಾವಯವ ಅಂಶ, ರಂಜಕ ಮತ್ತು ಲಘು ಪೋಷಕಾಂಶಗಳು ಇರುವುದು ನಿಜ. ಆದರೆ ಹಸಿಯಾಗಿ ಬಳಸಿದಾಗ ಈ ಕೆಳಗಿನ ಅಪಾಯಗಳಿವೆ:

- ದುಂಡುಹುಳುವಿನ ಮೊಟ್ಟೆಗಳು ತೇವವಿರುವ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರಬಲ್ಲವು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕವೇ ದೇಹ ಸೇರುತ್ತವೆ. ಕಳೆ ಕೀಳುವ, ನಾಟಿ ಮಾಡುವ ಮಹಿಳೆಯರು ಮೊದಲು ಬಾಧೆಗೊಳಗಾಗುತ್ತಾರೆ. ಕೊಕ್ಕೆಹುಳು ರಕ್ತಹೀನತೆಗೆ ಕಾರಣವಾಗುತ್ತದೆ.
- ಸೊಪ್ಪು, ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್, ಸೌತೆ ಮುಂತಾದವುಗಳ ಮೂಲಕ ರೋಗಾಣುಗಳು ಗ್ರಾಹಕರನ್ನು ತಲುಪುತ್ತವೆ.
- ವಾಹನವು ಹೋಟೆಲ್, ಗ್ಯಾರೇಜ್ ಅಥವಾ ಕಾರ್ಖಾನೆಯ ತ್ಯಾಜ್ಯವನ್ನೂ ತುಂಬಿಕೊಂಡಿದ್ದರೆ ಭಾರಲೋಹಗಳು ಮಣ್ಣು ಸೇರುತ್ತವೆ. ಅವನ್ನು ಮತ್ತೆ ತೆಗೆಯುವುದು ಸಾಧ್ಯವಾಗದ ಮಾತು.
- ಸಾರಜನಕದ ಬಹುಭಾಗ ನೀರಿನೊಂದಿಗೆ ಮೊದಲೇ ಹೋಗಿರುವುದರಿಂದ, ನಿರೀಕ್ಷಿಸಿದಷ್ಟು ಸಾರಜನಕ ದೊರೆಯುವುದಿಲ್ಲ.

ಸುರಕ್ಷಿತ ಮಾರ್ಗವೆಂದರೆ ಸಂಸ್ಕರಣೆ. ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಸಂಸ್ಕರಣಾ ಘಟಕವು ಕಾರ್ಯನಿರ್ವಹಿಸುತ್ತಿದ್ದು, ಒಣಗಿಸಿದ ಗಸಿಯನ್ನು ಪಟ್ಟಣದ ಹಸಿ ಕಸದೊಂದಿಗೆ ಬೆರೆಸಿ ಕಾಂಪೋಸ್ಟ್ ಮಾಡುವ ವಿಧಾನವನ್ನು ಅಲ್ಲಿ ಅಳವಡಿಸಲಾಗಿದೆ. ತೆರೆದ ರಾಶಿಯಲ್ಲಿ ಕಾಂಪೋಸ್ಟ್ ಮಾಡುವಾಗ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ 15 ದಿನ ಇದ್ದು, ಆ ಅವಧಿಯಲ್ಲಿ ಕನಿಷ್ಠ 5 ಬಾರಿ ರಾಶಿಯನ್ನು ಮಗುಚಿದರೆ ರೋಗಾಣುಗಳು ಮತ್ತು ಹುಳುವಿನ ಮೊಟ್ಟೆಗಳು ನಾಶವಾಗುತ್ತವೆ. ಇದನ್ನು ಉಷ್ಣಮಾಪಕ, ತರಬೇತಿ ಪಡೆದ ಸಿಬ್ಬಂದಿ ಇರುವ ಘಟಕದಲ್ಲಿಯೇ ಮಾಡಬೇಕು. ಮನೆಯ ತಿಪ್ಪೆಗೆ ಹಸಿ ಮಲತ್ಯಾಜ್ಯ ಬೆರೆಸಬಾರದು.

ಈಗಾಗಲೇ ಜಮೀನಿನಲ್ಲಿ ಇಂತಹ ಗುಂಡಿ ಇದ್ದರೆ, ಹೊಸದಾಗಿ ತುಂಬಿಸುವುದನ್ನು ನಿಲ್ಲಿಸಿ, ಮೇಲೆ ಮಣ್ಣು ಮುಚ್ಚಿ, ದನಕರು ಮತ್ತು ಮಕ್ಕಳು ಸುಳಿಯದಂತೆ ಬೇಲಿ ಹಾಕಬೇಕು. ಕನಿಷ್ಠ 2 ವರ್ಷ ಮುಟ್ಟಬಾರದು. ನಂತರವೂ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ತೆಂಗು, ಸಿಲ್ವರ್ ಓಕ್, ತೇಗದಂತಹ ಮರಗಳ ಬುಡಕ್ಕೆ ಮಾತ್ರ ಹಾಕಿ ಮಣ್ಣಿನಿಂದ ಮುಚ್ಚಬೇಕು.

ಘಟಕದ ಕಾಂಪೋಸ್ಟ್ ಕೊಳ್ಳುವಾಗ ಪೋಷಕಾಂಶ ಮತ್ತು ಭಾರಲೋಹಗಳ ವಿಶ್ಲೇಷಣಾ ವರದಿಯನ್ನು ಕೇಳಿ ಪಡೆಯಬೇಕು. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಪ್ರಮಾಣ ನಿರ್ಧರಿಸಿ, ಬಿತ್ತನೆಗೆ ಮುನ್ನ ಮಣ್ಣಿಗೆ ಬೆರೆಸಬೇಕು. ಹಸಿಯಾಗಿ ತಿನ್ನುವ ತರಕಾರಿಗಳಿಗೆ ಬಳಸದಿರುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಪ್ರತಿ ಗ್ರಾಮದಲ್ಲಿ ಮನೆವಾರು ಗುಂಡಿಯ ಬಗೆ, ಕಟ್ಟಿದ ವರ್ಷ, ಕೊನೆಯ ತೆರವಿನ ದಿನಾಂಕ ಮತ್ತು ಬಾವಿಯಿಂದಿರುವ ದೂರ ಈ ನಾಲ್ಕು ವಿವರಗಳ ಪಟ್ಟಿ ತಯಾರಿಸಿ ಪಂಚಾಯಿತಿಗೆ ಒದಗಿಸಿದರೆ, ಒಂದೇ ಬೀದಿಯ ಹಲವು ಟ್ಯಾಂಕುಗಳನ್ನು ಒಟ್ಟಿಗೆ ತೆರವುಗೊಳಿಸಿ ಸಾಗಾಣಿಕೆ ವೆಚ್ಚ ಇಳಿಸಬಹುದು. ಮಣ್ಣು ಮಾದರಿ ಸಂಗ್ರಹಣೆಯ ವೇಳೆಯಲ್ಲೇ ಬಾವಿ ನೀರಿನ ಪರೀಕ್ಷೆಯ ಬಗ್ಗೆಯೂ ತಿಳಿಸಬೇಕು. ಮಹಿಳಾ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಜಂತುಹುಳು ನಿವಾರಣೆ ಮತ್ತು ಹೊಲದಲ್ಲಿ ಪಾದರಕ್ಷೆ ಬಳಕೆಯ ವಿಷಯವನ್ನು ಸೇರಿಸುವುದು ಉಪಯುಕ್ತ.

ನೆನಪಿನಲ್ಲಿಡಬೇಕಾದ ಅಂಶಗಳು

- ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಲಿ.
- ಗಸಿ ಮತ್ತು ಕೆನೆ ಸೇರಿ ಮೂರನೆಯ ಒಂದು ಭಾಗವಾಗುವ ಹೊತ್ತಿಗೆ ತೆರವುಗೊಳಿಸಿ.
- ಯಂತ್ರದ ಪೈಪ್ ಮಾತ್ರ ಟ್ಯಾಂಕಿಗೆ ಇಳಿಯಲಿ, ಮನುಷ್ಯರಲ್ಲ.
- ಅವಳಿ ಗುಂಡಿಯನ್ನು 2 ವರ್ಷ ಕಳಿಯಲು ಬಿಟ್ಟು ಗೊಬ್ಬರ ತೆಗೆಯಿರಿ.
- ಹಸಿ ಮಲತ್ಯಾಜ್ಯವನ್ನು ಹೊಲಕ್ಕೆ ಸುರಿಸಿಕೊಳ್ಳಬೇಡಿ. ಸಂಸ್ಕರಿಸಿದ ಕಾಂಪೋಸ್ಟನ್ನು ಮಾತ್ರ ಬಳಸಿ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಬಹುದು.